ರಸ್ತೆಬದಿ ತಡೆಗೋಡೆ ನಿಜವಾದ ಅಪಘಾತದಲ್ಲಿ ಹೇಗೆ ವರ್ತಿಸುತ್ತದೆ? ಅಳೆದು ತೀರ್ಮಾನಿಸುವ ಸಮಗ್ರ ಮಾರ್ಗದರ್ಶಿ

ಪರೀಕ್ಷಾ ಅಂಗಳದಲ್ಲಿ ಪಾಸಾದ ತಡೆಗೋಡೆಗೆ ಅಲ್ಲಿ ಗುದ್ದಿರುವುದು ಬೆರಳೆಣಿಕೆಯ ವಾಹನಗಳು ಮಾತ್ರ. ಅವೂ ಗೊತ್ತುಪಡಿಸಿದ ವೇಗ, ಗೊತ್ತುಪಡಿಸಿದ ಕೋನದಲ್ಲಿ, ಸಮತಟ್ಟಾದ ಗಟ್ಟಿ ನೆಲದ ಮೇಲೆ ಬಂದು ಗುದ್ದಿದವು. ಅಮೆರಿಕದಲ್ಲಿ 2009ರಲ್ಲಿ ಮೊದಲು ಬಂದು 2016ರಲ್ಲಿ ಪರಿಷ್ಕೃತವಾದ, ರಸ್ತೆಬದಿ ಸಾಧನಗಳಿಗೆ ವಾಹನ ಗುದ್ದಿಸಿ ಪರೀಕ್ಷಿಸುವ 'ಮ್ಯಾಶ್' ನಿಯಮಾವಳಿಯ ಮೂರನೇ ಹಂತದ ಪರೀಕ್ಷೆಯನ್ನೇ ನೋಡಿ: 1,100 ಕೆ.ಜಿ. ಕಾರು, 2,270 ಕೆ.ಜಿ. ಪಿಕಪ್, ಎರಡೂ ಗಂಟೆಗೆ 100 ಕಿ.ಮೀ. ವೇಗದಲ್ಲಿ, 25 ಡಿಗ್ರಿ ಕೋನದಲ್ಲಿ, ಚಕ್ರಗಳು ನೇರವಾಗಿ ಉರುಳುತ್ತಾ ಬಂದು ಗುದ್ದುತ್ತವೆ. ರಸ್ತೆಯಲ್ಲಿ ಹಾಗಾಗುವುದಿಲ್ಲ. ಒಂದು ಕಾರು ಅಡ್ಡಡ್ಡ ಜಾರುತ್ತಾ ಬಂದು ಬಾಗಿಲನ್ನೇ ಒಡ್ಡುತ್ತದೆ, ಇನ್ನೊಂದು ಕಡೆ ಭರ್ತಿ ಲೋಡಿನ ಲಾರಿ ಬಂದು ಒರಗುತ್ತದೆ. ಮೂರು ಮಳೆಗಾಲ ಕಂಡ ಮಣ್ಣಿನಲ್ಲಿ ಕಂಬ ಸಡಿಲವಾಗಿರುತ್ತದೆ, ಮತ್ತೆ ಮತ್ತೆ ಡಾಂಬರು ಹಾಕಿದ್ದರಿಂದ ಬೀಮಿನ (ಕಂಬಗಳಿಗೆ ಉದ್ದಕ್ಕೂ ಬಿಗಿದ ಉಕ್ಕಿನ ಪಟ್ಟಿ) ಎತ್ತರ ಕುಗ್ಗಿರುತ್ತದೆ. ಹಾಗಾಗಿ ಅಳವಡಿಸಿದ ಮೇಲೂ ತಡೆಗೋಡೆಯ ಮೇಲೆ ಕಣ್ಣಿಟ್ಟಿರಬೇಕು. ಈ ಕೆಲಸವನ್ನು ಸರಿಯಾಗಿ ಮಾಡುವ ಕ್ರಮ ಮುಂದಿದೆ.

ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

'ನಮ್ಮ ತಡೆಗೋಡೆಗಳು ಚೆನ್ನಾಗಿವೆಯೇ?' ಎಂಬ ಪ್ರಶ್ನೆಗೆ ಉತ್ತರವಿಲ್ಲ. 'ಗಂಟೆಗೆ 80 ಕಿ.ಮೀ. ಅಥವಾ ಹೆಚ್ಚಿನ ವೇಗಮಿತಿಯ ರಸ್ತೆಗಳಲ್ಲಿ, 787 ಮಿ.ಮೀ. ಎತ್ತರದ ಡಬ್ಲ್ಯೂ-ಬೀಮ್ (ಡಬ್ಲ್ಯೂ ಆಕಾರಕ್ಕೆ ಮಡಿಸಿದ ಬೀಮ್) ತಡೆಗೋಡೆಯ ನಡುಭಾಗಕ್ಕೆ ಕಾರು ಗುದ್ದಿದಾಗ ಎಷ್ಟು ಸಲ ಅದನ್ನು ದಾಟಿ ಹೋಯಿತು, ಎಷ್ಟು ಸಲ ಒಳಗಿದ್ದವರಿಗೆ ಗಂಭೀರ ಗಾಯವಾಯಿತು?' ಎಂದು ಕೇಳಿದರೆ ಉತ್ತರ ಸಿಗುತ್ತದೆ.

ನಡುಭಾಗ, ತುದಿಯ ಸಾಧನ (ಎಂಡ್ ಟರ್ಮಿನಲ್), ಸೇತುವೆಯ ಗೋಡೆಗೆ ಸೇರುವ ಸಂಧಿಭಾಗ, ಈ ಮೂರನ್ನು ಒಂದೇ ಲೆಕ್ಕದಲ್ಲಿ ಸೇರಿಸಬೇಡಿ. ಮೂರರ ಕೆಲಸವೂ ಬೇರೆ, ಸೋಲುವ ಬಗೆಯೂ ಬೇರೆ. ನಡುಭಾಗದಲ್ಲಿ ವಾಹನ ಹಿಂಬದಿಗೆ ಹೋದರೆ ಅದು ವೈಫಲ್ಯ. ಕೆಲವು ಬಗೆಯ ಟರ್ಮಿನಲ್‌ಗಳ ಮೂತಿಗೆ ಕೋನದಲ್ಲಿ ಗುದ್ದಿದ ವಾಹನ ಹಿಂಬದಿಗೆ ಹಾದುಹೋಗುವಂತೆ ಅವುಗಳ ವಿನ್ಯಾಸವೇ ಇರುತ್ತದೆ. ಅಲ್ಲಿ ಪರಿಶೀಲಿಸಬೇಕಾದದ್ದು ಬೀಮ್ ಕಾರಿನೊಳಗೆ ನುಗ್ಗಿತೇ, ಕಾರು ಮಗುಚಿತೇ, ಹಿಂದಿನ ಜಾಗ ಖಾಲಿಯಿತ್ತೇ ಎಂಬುದನ್ನು.

ಸಾಧನದ ಮಾದರಿಯ ಹೆಸರು ಬರೆದುಕೊಂಡರೆ ಸಾಲದು, ಅದರ ಆವೃತ್ತಿಯೂ ಬೇಕು. 'ಇಟಿ-ಪ್ಲಸ್' ಎಂಬ ಟರ್ಮಿನಲ್‌ನ ಮೂತಿಯಲ್ಲಿ ಬೀಮನ್ನು ಒಳಗೆಳೆದುಕೊಳ್ಳುವ ಚಾನಲ್‌ನ ಅಗಲವನ್ನು 2005ರಲ್ಲಿ 5 ಇಂಚಿನಿಂದ 4 ಇಂಚಿಗೆ ಇಳಿಸಲಾಯಿತು. ಈ ಬದಲಾವಣೆ ಅಮೆರಿಕದ ಹೆದ್ದಾರಿ ಇಲಾಖೆಯ ಗಮನಕ್ಕೆ ಬಂದದ್ದು 2012ರಲ್ಲಿ. ನಂತರದ ಪರೀಕ್ಷೆಗಳಲ್ಲಿ ಸಾಧನ ಪಾಸಾಯಿತು, ತಯಾರಕರ ವಿರುದ್ಧ ಬಂದಿದ್ದ ತೀರ್ಪನ್ನು 2017ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಮಾಡಿತು. ಅಷ್ಟಾದರೂ ಎರಡು ಆವೃತ್ತಿಗಳು ರಸ್ತೆಯಲ್ಲಿ ಬೇರೆಬೇರೆಯಾಗಿ ವರ್ತಿಸುತ್ತವೆಯೇ ಎಂದು ತಿಳಿಯಬೇಕಿದ್ದರೆ ಯಾವ ಅಪಘಾತದಲ್ಲಿ ಯಾವ ಆವೃತ್ತಿಯಿತ್ತು ಎಂಬ ದಾಖಲೆ ಬೇಕಿತ್ತು. ಪೊಲೀಸ್ ವರದಿಯಲ್ಲಿ ಅದು ಇರುವುದಿಲ್ಲ. ಟೇಪು ಹಿಡಿದು ಅಳೆದವರ ಬಳಿ ಮಾತ್ರ ಇರುತ್ತದೆ.

ಹಂತ 2: ಅಪಘಾತವಾಗುವ ಮೊದಲೇ ಅಳೆದಿಟ್ಟುಕೊಳ್ಳಿ

ಗುದ್ದಿದ ಮೇಲೆ ಎತ್ತರ ಅಳೆಯಲು ಹೋದರೆ ಬೀಮ್ ನೆಲದಲ್ಲಿ ಬಿದ್ದಿರುತ್ತದೆ. ಆದ್ದರಿಂದ ಅಧ್ಯಯನಕ್ಕೆ ಆರಿಸಿಕೊಂಡ ರಸ್ತೆಯ ಉದ್ದಕ್ಕೂ ಮೊದಲು ಒಂದು ದಾಸ್ತಾನು (ಇರುವ ತಡೆಗೋಡೆಗಳ ವಿವರಪಟ್ಟಿ) ಮಾಡಬೇಕು. ಪ್ರತಿ ತುಂಡಿಗೂ ಜಿಪಿಎಸ್‌ನಲ್ಲಿ ಆರಂಭ ಮತ್ತು ಅಂತ್ಯದ ಬಿಂದು, ಜೊತೆಗೆ ಇಷ್ಟು:

– ನೆಲದಿಂದ ಬೀಮಿನ ಮೇಲಂಚಿನವರೆಗಿನ ಎತ್ತರ. ಬೀಮಿನ ಮುಖದ ನೇರ ಕೆಳಗಿನ ನೆಲದಿಂದ ಅಳೆಯಿರಿ, ಕನಿಷ್ಠ 50 ಮೀಟರಿಗೊಮ್ಮೆ.
– ಕಂಬದಿಂದ ಕಂಬಕ್ಕೆ ಇರುವ ಅಂತರ (ಸಾಮಾನ್ಯ ಡಬ್ಲ್ಯೂ-ಬೀಮ್‌ನಲ್ಲಿ 1,905 ಮಿ.ಮೀ.), ಕಂಬದ ಬಗೆ, ಕಂಬಕ್ಕೂ ಬೀಮಿಗೂ ನಡುವಿನ ಬ್ಲಾಕ್‌ನ ಆಳ.
– ಬೀಮಿನ ಜೋಡಣೆ ಕಂಬದ ಮೇಲಿದೆಯೋ, ಎರಡು ಕಂಬಗಳ ನಡುವಿದೆಯೋ; ಜೋಡಣೆಯ ಎಂಟು ಬೋಲ್ಟ್‌ಗಳೂ ಇವೆಯೋ; ಒಂದರ ಮೇಲೊಂದು ಕೂರುವ ಎರಡು ಬೀಮುಗಳಲ್ಲಿ ಯಾವುದು ಸಂಚಾರದ ಕಡೆಗೆ ಮೇಲುಪದರವಾಗಿದೆ.
– ಕಂಬ ಮಣ್ಣಿನಲ್ಲಿದೆಯೋ, ಸುತ್ತ ಡಾಂಬರು ಅಥವಾ ಕಾಂಕ್ರೀಟ್ ಗಟ್ಟಿಯಾಗಿ ಹಿಡಿದಿದೆಯೋ.
– ಮುಂದೆ ಕಟ್ಟೆಯಂಚು (ಕರ್ಬ್) ಇದೆಯೇ, ನೆಲ 10ಕ್ಕೆ 1ಕ್ಕಿಂತ ಕಡಿದಾಗಿ ಇಳಿಯುತ್ತದೆಯೇ.
– ಬೀಮಿನ ಹಿಂಬದಿಯಿಂದ ಹತ್ತಿರದ ಮರ, ಕಂಬ ಅಥವಾ ಇಳಿಜಾರಿಗೆ ಇರುವ ಅಂತರ.

ಕೊನೆಯದನ್ನು ಅಳೆಯಲು ಮರೆಯುವವರೇ ಹೆಚ್ಚು. 787 ಮಿ.ಮೀ. ಎತ್ತರದ ಡಬ್ಲ್ಯೂ-ಬೀಮ್ ವ್ಯವಸ್ಥೆ ಪಿಕಪ್ ಪರೀಕ್ಷೆಯಲ್ಲಿ ಸುಮಾರು 1.1 ಮೀಟರ್ ಹಿಂದಕ್ಕೆ ಬಾಗುತ್ತದೆ. ಅರ್ಧ ಮೀಟರ್ ಹಿಂದೆಯೇ ಮರವಿದ್ದರೆ ಬೀಮ್ ತನ್ನ ಕೆಲಸ ಮಾಡುತ್ತಿರುವಾಗಲೇ ವಾಹನ ಮರಕ್ಕೆ ತಾಗುತ್ತದೆ. ಇದು ಸಾಧನದ ಸೋಲಲ್ಲ, ಅದನ್ನು ಅಲ್ಲಿ ಇಟ್ಟವರ ಸೋಲು. ಎರಡನ್ನೂ ಬೇರೆ ಮಾಡಿ ತೋರಿಸಲು ದಾಸ್ತಾನಿನ ಅಂಕಿ ಬೇಕೇ ಬೇಕು.

ಹಂತ 3: ಎಲ್ಲ ಗುದ್ದುಗಳನ್ನೂ ಲೆಕ್ಕಕ್ಕೆ ತನ್ನಿ

ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ. ತಡೆಗೋಡೆ ಚೆನ್ನಾಗಿ ಕೆಲಸ ಮಾಡಿದರೆ ಚಾಲಕ ಗಾಡಿ ತಿರುಗಿಸಿಕೊಂಡು ಹೊರಟುಬಿಡುತ್ತಾನೆ. ವರದಿಯಿಲ್ಲ, ಕೇಸಿಲ್ಲ. ಕೆಟ್ಟದಾಗಿ ಕೆಲಸ ಮಾಡಿದರೆ ಪೊಲೀಸರು ಬರುತ್ತಾರೆ. ಪೊಲೀಸ್ ದಾಖಲೆಯನ್ನೇ ನಂಬಿದರೆ ತಡೆಗೋಡೆಯ ಸೋಲುಗಳನ್ನೆಲ್ಲ ಎಣಿಸಿ ಗೆಲುವುಗಳನ್ನು ಬಿಟ್ಟಂತಾಗುತ್ತದೆ.

ಲೆಕ್ಕ ಹೀಗೆ ಏರುಪೇರಾಗುತ್ತದೆ: ಒಂದು ರಸ್ತೆಯಲ್ಲಿ ವರ್ಷಕ್ಕೆ 40 ಅಪಘಾತಗಳು ವರದಿಯಾಗಿವೆ, ಅವುಗಳಲ್ಲಿ 6ರಲ್ಲಿ ಸಾವು ಅಥವಾ ಗಂಭೀರ ಗಾಯ ಎಂದುಕೊಳ್ಳಿ. ಪ್ರಮಾಣ ಶೇ. 15. ಅದೇ ರಸ್ತೆಯಲ್ಲಿ ವರದಿಯಾಗದ 110 ಗುದ್ದಿನ ಗುರುತುಗಳು ಸಿಕ್ಕರೆ ಒಟ್ಟು 150ರಲ್ಲಿ 6, ಅಂದರೆ ಶೇ. 4. ತಡೆಗೋಡೆ ಒಂದೇ, ವರ್ಷವೂ ಒಂದೇ. ಅಂಕಿ ಮಾತ್ರ ಸುಮಾರು ನಾಲ್ಕು ಪಟ್ಟು ಬೇರೆ.

ಗುರುತು ಹಿಡಿಯುವ ಕ್ರಮ ಸರಳ, ಆದರೆ ಶಿಸ್ತು ಬೇಕು. ಮೊದಲ ಸುತ್ತಿನಲ್ಲಿ ಆಗಲೇ ಇರುವ ಪ್ರತಿ ತಗ್ಗು, ಗೀಚು, ವಾಲಿದ ಕಂಬದ ಬಳಿ ಬೀಮಿನ ಹಿಂಬದಿಗೆ ಬಣ್ಣದಲ್ಲಿ ಕ್ರಮಸಂಖ್ಯೆ ಬರೆದು ಚಿತ್ರ ತೆಗೆಯಿರಿ. ಆಮೇಲೆ ಎರಡು ವಾರಕ್ಕೊಮ್ಮೆ ಅದೇ ರಸ್ತೆಯಲ್ಲಿ ನಿಧಾನವಾಗಿ ಸಾಗಿ, ಸಂಖ್ಯೆಯಿಲ್ಲದ ಪ್ರತಿ ಗುರುತೂ ಹೊಸ ಗುದ್ದು ಎಂದು ದಾಖಲಿಸಿ. ಅಂತರ ತಿಂಗಳಿಗೆ ಹೋದರೆ ಎರಡು ಗುದ್ದು ಒಂದರ ಮೇಲೊಂದು ಬಿದ್ದು ಒಂದೇ ಆಗಿಬಿಡುತ್ತವೆ, ಪೊಲೀಸ್ ವರದಿಯೊಂದಿಗೆ ತಾಳೆ ನೋಡುವುದೂ ಕಷ್ಟ. ದುರಸ್ತಿ ತಂಡದ ಕೆಲಸದ ಪುಸ್ತಕ, ಟೋಯಿಂಗ್ ಗಾಡಿಯವರ ದಾಖಲೆ, ಆಂಬ್ಯುಲೆನ್ಸ್ ಕರೆಗಳ ಪಟ್ಟಿ ಸಿಕ್ಕರೆ ಅವನ್ನೂ ಸ್ಥಳ ಮತ್ತು ದಿನಾಂಕದ ಮೇಲೆ ಜೋಡಿಸಿ. ಸ್ಥಳದಲ್ಲಿ 200 ಮೀಟರ್, ಕಾಲದಲ್ಲಿ ಎರಡು ಸುತ್ತುಗಳ ನಡುವಿನ ಅವಧಿ, ಇಷ್ಟು ಸಡಿಲು ಬಿಟ್ಟು ಹೊಂದಿಸಿ, ಪ್ರತಿ ಜೋಡಿಯನ್ನೂ ಕಣ್ಣಾರೆ ನೋಡಿ ಒಪ್ಪಿ.

ಇಲ್ಲಿ ಒಂದು ಗುಪ್ತ ಬಲೆಯಿದೆ. ಗುದ್ದಿನ ಗುರುತು ಎಲ್ಲ ತಡೆಗೋಡೆಗಳಲ್ಲೂ ಸಮನಾಗಿ ಉಳಿಯುವುದಿಲ್ಲ. ಉಕ್ಕಿನ ಹಗ್ಗದ ತಡೆಬೇಲಿಯಲ್ಲಿ ಸಣ್ಣ ತಾಗುವಿಕೆಗೂ ಎರಡು ಮೂರು ಕಂಬ ಮಲಗುತ್ತವೆ, ದುರಸ್ತಿಗೆ ಹೋಗುತ್ತದೆ, ಲೆಕ್ಕಕ್ಕೆ ಸಿಗುತ್ತದೆ. ಡಬ್ಲ್ಯೂ-ಬೀಮ್ ತಗ್ಗು ಬೀಳುತ್ತದೆ. ಕಾಂಕ್ರೀಟ್ ಗೋಡೆಯಲ್ಲಿ ಟೈರಿನ ಕಪ್ಪು ಗೆರೆ ಬಿಟ್ಟರೆ ಏನೂ ಇರುವುದಿಲ್ಲ, ಒಂದು ಮಳೆಗೆ ಅದೂ ಮಾಸುತ್ತದೆ. ದುರಸ್ತಿ ಪುಸ್ತಕವನ್ನೇ ಆಧಾರ ಮಾಡಿಕೊಂಡು ಈ ಮೂರನ್ನು ಹೋಲಿಸಿದರೆ ಹಗ್ಗದ ಬೇಲಿ ಅತ್ಯುತ್ತಮವಾಗಿಯೂ ಕಾಂಕ್ರೀಟ್ ಅತಿ ಕೆಟ್ಟದಾಗಿಯೂ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಬೇರೆ ಬೇರೆ ಬಗೆಗಳನ್ನು ಹೋಲಿಸುವಾಗ ಎರಡು ಕೋಷ್ಟಕ ಕೊಡಿ: ವರದಿಯಾದವು ಮಾತ್ರ ಒಂದರಲ್ಲಿ, ಎಲ್ಲ ಗುದ್ದುಗಳೂ ಇನ್ನೊಂದರಲ್ಲಿ. ಎರಡರಲ್ಲೂ ಒಂದೇ ದಿಕ್ಕು ಕಂಡರೆ ಮಾತ್ರ ಗಟ್ಟಿಯಾಗಿ ಹೇಳಿ.

ಹಂತ 4: ಸ್ಥಳದಲ್ಲಿ ಏನೇನು ಅಳೆಯಬೇಕು

ದುರಸ್ತಿ ತಂಡ ಬರುವ ಮೊದಲು ತಲುಪಬೇಕು. ಅದಕ್ಕೆ ಆ ತಂಡದ ಮೇಲ್ವಿಚಾರಕರ ಜೊತೆ ಮೊದಲೇ ಮಾತಾಡಿಕೊಳ್ಳುವುದೊಂದೇ ದಾರಿ. ಟೈರ್ ಗುರುತು ಬೇಗ ಅಳಿಯುವುದರಿಂದ ಮೊದಲು ಅದು, ಆಮೇಲೆ ಬೀಮ್.

ಗುದ್ದಿದ ಕೋನವನ್ನು ಊಹಿಸಬೇಡಿ, ಅಳೆಯಿರಿ. ತಡೆಗೋಡೆಗೆ ಹತ್ತಿರದ ಮುಂಚಕ್ರದ ಗುರುತು ಹಿಡಿದು, ಬೀಮಿನ ಮುಖದಿಂದ ಅದಕ್ಕಿರುವ ಅಡ್ಡ ದೂರವನ್ನು ಮೊದಲ ಸ್ಪರ್ಶದ ಬಿಂದುವಿನಲ್ಲಿ, ಅದಕ್ಕಿಂತ 5 ಮೀಟರ್ ಹಿಂದೆ, 10 ಮೀಟರ್ ಹಿಂದೆ ಬರೆದುಕೊಳ್ಳಿ. ಕ್ರಮವಾಗಿ 0.1, 1.6, 2.8 ಮೀಟರ್ ಬಂತು ಎನ್ನೋಣ. ಹತ್ತೂ ಮೀಟರಿನ ಸರಾಸರಿ ಹಿಡಿದರೆ 2.7 ÷ 10 = 0.27, ಅಂದರೆ ಸುಮಾರು 15 ಡಿಗ್ರಿ. ಕೊನೆಯ 5 ಮೀಟರ್ ಮಾತ್ರ ಹಿಡಿದರೆ 1.5 ÷ 5 = 0.30, ಸುಮಾರು 17 ಡಿಗ್ರಿ. ದಾರಿ ಬಾಗಿದೆ. ಗುದ್ದಿದ ಕ್ಷಣದ ಕೋನ ಬೇಕಾಗಿರುವುದರಿಂದ ಎರಡನೆಯದನ್ನು ತೆಗೆದುಕೊಳ್ಳಿ. ತಿರುವಿನಲ್ಲಿ ತಡೆಗೋಡೆಯೂ ಬಾಗಿರುತ್ತದೆ. ಆಗ ಸ್ಪರ್ಶಬಿಂದುವಿನಲ್ಲಿ ಬೀಮಿನ ನೇರಕ್ಕೆ ದಾರ ಎಳೆದು ಆ ದಾರದಿಂದ ಅಳೆಯಿರಿ. ಹಿಂಚಕ್ರದ ಗುರುತು ಮುಂಚಕ್ರದ್ದಕ್ಕಿಂತ ಬಹಳ ಹೊರಗಿದ್ದರೆ ವಾಹನ ಅಡ್ಡ ಜಾರುತ್ತಿತ್ತು ಎಂದರ್ಥ. ಇದನ್ನು ಪ್ರತ್ಯೇಕ ಅಂಕಣದಲ್ಲಿ ನಮೂದಿಸಿ, ಏಕೆಂದರೆ ಪರೀಕ್ಷೆಗಳಲ್ಲಿ ಈ ಸ್ಥಿತಿಯೇ ಇಲ್ಲ.

ವೇಗಕ್ಕೆ ಅತ್ಯುತ್ತಮ ಮೂಲ ವಾಹನದ ಈವೆಂಟ್ ಡೇಟಾ ರೆಕಾರ್ಡರ್ (ಅಪಘಾತದ ವೇಳೆಯ ಮಾಹಿತಿ ದಾಖಲಿಸುವ ಉಪಕರಣ). ಅಮೆರಿಕದ ನಿಯಮಕ್ಕೊಳಪಟ್ಟ ರೆಕಾರ್ಡರ್‌ಗಳು ಗುದ್ದುವ ಮುಂಚಿನ ಕನಿಷ್ಠ 5 ಸೆಕೆಂಡಿನ ವೇಗವನ್ನು ಹಿಡಿದಿಡುತ್ತವೆ. ಏರ್‌ಬ್ಯಾಗ್ ತೆರೆದಿದ್ದರೆ ದಾಖಲೆ ಬೀಗ ಬಿದ್ದು ಉಳಿಯುತ್ತದೆ. ಪಕ್ಕ ಉಜ್ಜಿಕೊಂಡು ಹೋದ ಗುದ್ದಿನಲ್ಲಿ ಏರ್‌ಬ್ಯಾಗ್ ತೆರೆಯದೆ ಇದ್ದರೆ ಆ ದಾಖಲೆಯ ಮೇಲೆ ಇನ್ನೊಂದು ಘಟನೆ ಬರೆದುಕೊಳ್ಳಬಹುದು. ಆದ್ದರಿಂದ ವಾಹನ ಮತ್ತೆ ಓಡಾಡುವ ಮೊದಲೇ, ಮಾಲೀಕರ ಒಪ್ಪಿಗೆ ಪಡೆದು, ಇಳಿಸಿಕೊಳ್ಳಬೇಕು.

ಬೀಮಿನ ವಿಷಯಕ್ಕೆ ಬಂದರೆ: ಮೊದಲ ಮತ್ತು ಕೊನೆಯ ಸ್ಪರ್ಶದ ನಡುವಿನ ಉದ್ದ, ಉಳಿದ ಗರಿಷ್ಠ ಬಾಗು, ಬಾಗಿದ ಮತ್ತು ಮುರಿದ ಕಂಬಗಳ ಎಣಿಕೆ, ಹರಿದ ಜೋಡಣೆ, ಕಳಚಿದ ಬೋಲ್ಟ್. ನಿಮಗೆ ಕಾಣುವುದು ಉಳಿದ ಬಾಗು ಮಾತ್ರ. ಗುದ್ದಿದ ಕ್ಷಣದಲ್ಲಿ ಬೀಮ್ ಅದಕ್ಕಿಂತ ಹೆಚ್ಚು ಹಿಂದೆ ಹೋಗಿ ವಾಪಸ್ ಬಂದಿರುತ್ತದೆ, ಹಾಗಾಗಿ ಪರೀಕ್ಷೆಯಲ್ಲಿ ಗುದ್ದಿನ ಕ್ಷಣದಲ್ಲೇ ಅಳೆದ ಬಾಗಿನ ಅಂಕಿಯೊಂದಿಗೆ ಇದನ್ನು ಹೋಲಿಸಬೇಡಿ.

ಬೀಮ್ ಹರಿದಿದ್ದರೆ ಆ ತುದಿಗೆ ಕ್ಯಾಮೆರಾ ಹತ್ತಿರ ಒಯ್ದು, ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಬೋಲ್ಟ್ ರಂಧ್ರದಿಂದ ಶುರುವಾದ ಹರುಕೇ, ಅಂಚಿನಲ್ಲಿದ್ದ ಹಳೆಯ ಸೀಳಿನಿಂದಲೇ ಎಂದು ಲೋಹವೇ ಹೇಳುತ್ತದೆ: ಹೊಸ ಹರುಕು ಹೊಳೆಯುತ್ತದೆ, ಹಳೆಯ ಸೀಳಿಗೆ ತುಕ್ಕಿನ ಅಂಚಿರುತ್ತದೆ. ಹಿಂದಿನ ಗುದ್ದು ದುರಸ್ತಿಯಾಗದೆ ಉಳಿದಿದ್ದ ಜಾಗಕ್ಕೇ ಎರಡನೇ ವಾಹನ ಬಂದಿದ್ದರೆ ಅದನ್ನು ಆರೋಗ್ಯವಂತ ತಡೆಗೋಡೆಯ ಲೆಕ್ಕದಲ್ಲಿ ಹಾಕುವುದು ಅನ್ಯಾಯ.

ಹಂತ 5: ಗುದ್ದು ಎಷ್ಟು ದೊಡ್ಡದಿತ್ತು?

ತಡೆಗೋಡೆಯ ಮೇಲೆ ಬಿದ್ದ ಹೊರೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಸೂತ್ರ: ವಾಹನದ ತೂಕದ ಅರ್ಧಕ್ಕೆ, ಗೋಡೆಗೆ ಲಂಬವಾದ ವೇಗದ ವರ್ಗವನ್ನು ಗುಣಿಸಿ. ತೂಕ ಕೆ.ಜಿ.ಯಲ್ಲಿ, ವೇಗ ಸೆಕೆಂಡಿಗೆ ಮೀಟರಿನಲ್ಲಿ. ಲಂಬವೇಗ ಎಂದರೆ ವೇಗಕ್ಕೆ ಕೋನದ ಸೈನ್ ಗುಣಿಸಿದ್ದು. ಬಂದ ಉತ್ತರ ಜೂಲ್‌ನಲ್ಲಿ; 1,000ದಿಂದ ಭಾಗಿಸಿದರೆ ಕಿಲೋಜೂಲ್.

ಮೇಲೆ ಹೇಳಿದ ಪಿಕಪ್ ಪರೀಕ್ಷೆಗೆ ಇದು ಸುಮಾರು 156 ಕಿಲೋಜೂಲ್, ಸಣ್ಣ ಕಾರಿಗೆ 76. 1,500 ಕೆ.ಜಿ. ಕಾರು 80 ಕಿ.ಮೀ. ವೇಗದಲ್ಲಿ 15 ಡಿಗ್ರಿಯಲ್ಲಿ ಗುದ್ದಿದರೆ ಕೇವಲ 25. 15,000 ಕೆ.ಜಿ. ಬಸ್ಸು ಅದೇ ವೇಗದಲ್ಲಿ 20 ಡಿಗ್ರಿಯಲ್ಲಿ ಬಂದರೆ 433. ಹೀಗಾಗಿ ಮೂರನೇ ಹಂತದ ತಡೆಗೋಡೆಯನ್ನು ಬಸ್ಸು ಮುರಿದುಕೊಂಡು ಹೋದರೆ 'ತಡೆಗೋಡೆ ಕೆಟ್ಟದು' ಎನ್ನಲು ಬರುವುದಿಲ್ಲ, 'ಈ ಜಾಗಕ್ಕೆ ಹೆಚ್ಚಿನ ಹಂತದ್ದು ಬೇಕಿತ್ತೇ' ಎಂದು ಕೇಳಬೇಕು. ಅದೇ 25 ಕಿಲೋಜೂಲಿನ ಕಾರು ದಾಟಿ ಹೋಗಿದ್ದರೆ ತಕ್ಷಣ ಆ ಜಾಗಕ್ಕೆ ಹೋಗಿ ಎತ್ತರ, ಜೋಡಣೆ, ಲಂಗರು (ತುದಿಯಲ್ಲಿ ಬೀಮನ್ನು ನೆಲಕ್ಕೆ ಬಿಗಿದು ಹಿಡಿಯುವ ಭಾಗ) ಎಲ್ಲ ತಪಾಸಣೆ ಮಾಡಿ. ಹೊರೆ ಚಿಕ್ಕದಿದ್ದೂ ಸೋತ ಪ್ರಕರಣಗಳೇ ನಿಮ್ಮ ಅಧ್ಯಯನದ ಅತಿ ಬೆಲೆಬಾಳುವ ದಾಖಲೆಗಳು. ಸಂಖ್ಯೆ ಎರಡೇ ಇದ್ದರೂ ಅವಕ್ಕೆ ಹೆಚ್ಚಿನ ಸಮಯ ಕೊಡಿ.

ಹಂತ 6: ಫಲಿತಾಂಶಕ್ಕೆ ಒಂದೇ ಅರ್ಥ ಬರುವಂತೆ ವರ್ಗ ಮಾಡಿ

ಮೂರು ಪ್ರಶ್ನೆ, ಮೂರು ಅಂಕಣ. ತಡೆಯಿತೇ? (ತಿರುಗಿಸಿ ಕಳಿಸಿತು, ತಾಗಿಕೊಂಡೇ ನಿಲ್ಲಿಸಿತು, ಮುರಿದು ಒಳಹೋಯಿತು, ಮೇಲೆ ಹಾರಿತು, ಅಡಿಯಿಂದ ನುಸುಳಿತು.) ಒಳಗಿದ್ದವರಿಗೆ ಏನಾಯಿತು? (ಸಾವು, ಗಂಭೀರ, ಸಾಮಾನ್ಯ, ಗಾಯದ ಶಂಕೆ, ಏನೂ ಇಲ್ಲ ಎಂಬ ಐದು ಹಂತದ ಅಳತೆ, ಜೊತೆಗೆ ಬೀಮ್ ಅಥವಾ ಕಂಬದ ಚೂರು ಒಳನುಗ್ಗಿತೇ.) ಆಮೇಲೆ ವಾಹನ ಎಲ್ಲಿಗೆ ಹೋಯಿತು? (ಸ್ಥಿರವಾಗಿ ನಿಂತಿತು, ಮಗುಚಿತು, ಸಂಚಾರದೊಳಗೆ ಹಿಂತಿರುಗಿ ಇನ್ನೊಂದಕ್ಕೆ ಗುದ್ದಿತು.)

ಗಾಯ ಯಾವ ಹೊಡೆತದಿಂದ ಆಯಿತು ಎಂಬುದನ್ನು ಬೇರೆಯಾಗಿ ಬರೆಯಿರಿ. ಇನ್ನೊಂದು ಕಾರಿಗೆ ಗುದ್ದಿ, ಚಾಲಕ ಜಖಂಗೊಂಡು, ಕೊನೆಗೆ ತಡೆಗೋಡೆಗೆ ಒರಗಿ ನಿಂತ ವಾಹನ ಪೊಲೀಸ್ ಪಟ್ಟಿಯಲ್ಲಿ 'ತಡೆಗೋಡೆ ಅಪಘಾತ' ಎಂದೇ ಇರಬಹುದು. ನಡುಭಾಗಕ್ಕೆ ಗುದ್ದಿದ್ದನ್ನು ತುದಿಗೆ ಗುದ್ದಿದ್ದು ಎಂದು ಬರೆಯುವ ತಪ್ಪೂ ಸಾಮಾನ್ಯ. ತಡೆಗೋಡೆ ಶುರುವಾಗುವ ಮೊದಲೇ ರಸ್ತೆ ಬಿಟ್ಟು ಅದರ ಹಿಂಬದಿಗೆ ಹೋದ ವಾಹನಗಳನ್ನು ಪ್ರತ್ಯೇಕವಾಗಿಡಿ. ಅಲ್ಲಿ ಪ್ರಶ್ನೆ ತಡೆಗೋಡೆಯ ಉದ್ದದ್ದು. ಬೈಕುಗಳನ್ನೂ ಕಾರುಗಳ ಜೊತೆ ಬೆರೆಸಬೇಡಿ. ಸವಾರನ ದೇಹ ಕಂಬಕ್ಕೆ ಬಡಿಯುವುದೇ ಬೇರೆ ಬಗೆಯ ಅಪಘಾತ.

ಪ್ರತಿ ಪ್ರಕರಣವನ್ನು ಇಬ್ಬರು, ಪರಸ್ಪರ ನೋಡದೆ, ವರ್ಗ ಮಾಡಲಿ. ಭಿನ್ನಾಭಿಪ್ರಾಯ ಹೆಚ್ಚಾದರೆ ನಿಮ್ಮ ವ್ಯಾಖ್ಯೆ ಸಡಿಲವಾಗಿದೆ. ವ್ಯಾಖ್ಯೆ ತಿದ್ದಿ, ಮೊದಲಿನಿಂದ ಮಾಡಿ.

ಹಂತ 7: ಅಂಕಿಗಳಿಂದ ಎಷ್ಟು ಹೇಳಬಹುದೋ ಅಷ್ಟೇ ಹೇಳಿ

60 ಗುದ್ದಿನಲ್ಲಿ 4 ಸಲ ವಾಹನ ದಾಟಿತು ಎಂದರೆ ಶೇ. 6.7. ಆದರೆ ವಿಲ್ಸನ್ ವಿಧಾನ ಎಂಬ ಸಂಖ್ಯಾಶಾಸ್ತ್ರದ ಸೂತ್ರದಲ್ಲಿ ಶೇ. 95ರ ವಿಶ್ವಾಸ ವ್ಯಾಪ್ತಿ (ನಿಜವಾದ ಪ್ರಮಾಣ ಇರಬಹುದಾದ ಮಿತಿಗಳು) ಶೇ. 2.6ರಿಂದ 15.9ರವರೆಗೆ ಹರಡಿದೆ. ಒಂದೂ ಸೋಲಿಲ್ಲದಿದ್ದರೂ ಸೋಲಿನ ಪ್ರಮಾಣ ಸೊನ್ನೆ ಅಲ್ಲ: 3ನ್ನು ಗುದ್ದುಗಳ ಸಂಖ್ಯೆಯಿಂದ ಭಾಗಿಸಿದರೆ ಮೇಲ್ಮಿತಿ ಅಂದಾಜಾಗಿ ಸಿಗುತ್ತದೆ. 30 ಗುದ್ದಿನಲ್ಲಿ ಸೊನ್ನೆ ಎಂದರೆ ನಿಜವಾದ ಪ್ರಮಾಣ ಶೇ. 10ರವರೆಗೂ ಇರಬಹುದು. ಎರಡು ಬಗೆಗಳ ನಡುವೆ ಶೇ. 5 ಮತ್ತು ಶೇ. 10ರ ವ್ಯತ್ಯಾಸವನ್ನು ನಂಬುವಂತೆ ತೋರಿಸಲು ಪ್ರತಿ ಬಗೆಯಲ್ಲೂ ಸುಮಾರು 430 ಗುದ್ದುಗಳು ಬೇಕು. ಒಂದು ರಸ್ತೆ, ಒಂದು ವರ್ಷ ಸಾಲದಿರಬಹುದು. ಹಾಗಿದ್ದರೆ ರಸ್ತೆಗಳನ್ನು ಸೇರಿಸಿ ಅಥವಾ ಅವಧಿ ಹೆಚ್ಚಿಸಿ. ತಡೆಗೋಡೆ ಬಗೆಗಳನ್ನು ಬೆರೆಸಿ ಸಂಖ್ಯೆ ತುಂಬಿಸಬೇಡಿ.

ತಡೆಗೋಡೆ ಇರುವ ಕಡೆ ಮತ್ತು ಇಲ್ಲದ ಕಡೆ ಆಗುವ ಅಪಘಾತಗಳ ಸಂಖ್ಯೆಯನ್ನು ನೇರವಾಗಿ ಹೋಲಿಸುವುದೂ ದಾರಿ ತಪ್ಪಿಸುತ್ತದೆ, ಏಕೆಂದರೆ ಅದನ್ನು ಹಾಕಿರುವುದೇ ಅಪಾಯದ ಜಾಗದಲ್ಲಿ. ಗುದ್ದಿದ ಮೇಲೆ ಏನಾಯಿತು ಎಂಬುದನ್ನು ಹೋಲಿಸಿ. ವಾಹನದ ಬಗೆ, ವೇಗಮಿತಿ, ತಿರುವು, ಸೀಟ್‌ಬೆಲ್ಟ್ ಬಳಕೆ ಪ್ರತ್ಯೇಕಿಸಿ ನೋಡಿ. ಬೆಲ್ಟ್ ಹಾಕದವ ಹೊರಗೆ ಎಸೆಯಲ್ಪಟ್ಟು ಸತ್ತರೆ ತಡೆಗೋಡೆ ತನ್ನ ಪಾಲಿನ ಕೆಲಸವನ್ನು ಪೂರ್ತಿ ಮಾಡಿರಲೂಬಹುದು.

ಹಂತ 8: ಏಕೆ ಸೋತಿತು ಎಂದು ಹುಡುಕಿ

ಸಾವು, ಗಂಭೀರ ಗಾಯ, ದಾಟಿದ ಪ್ರಕರಣ ಪ್ರತಿಯೊಂದನ್ನೂ ಒಂದೊಂದಾಗಿ ಬಿಡಿಸಿ ನೋಡಬೇಕು. ಮೇಲೆ ಹಾರಿದ್ದರೆ ಮೊದಲ ಅನುಮಾನ ಎತ್ತರದ ಮೇಲೆ: 75 ಮಿ.ಮೀ. ಡಾಂಬರಿನ ಹೊಸ ಪದರ ಬಿದ್ದರೆ, ಅದು ಬೀಮಿನ ಅಡಿಯವರೆಗೂ ಬಂದಿದ್ದರೆ, ತಡೆಗೋಡೆ ಅಷ್ಟೇ ಗಿಡ್ಡವಾಯಿತು. ಎರಡನೇ ಅನುಮಾನ ಮುಂದಿನ ಕಟ್ಟೆಯಂಚು. ಚಕ್ರ ಅದನ್ನು ಹತ್ತಿ ಬಂಪರ್ ಮೇಲೇಳುತ್ತದೆ. ಅಡಿಯಿಂದ ನುಸುಳಿದ್ದರೆ ಬೀಮ್ ಅತಿ ಎತ್ತರದಲ್ಲಿತ್ತೇ, ಅಡಿಯ ಮಣ್ಣು ಕೊಚ್ಚಿಹೋಗಿತ್ತೇ ನೋಡಿ. ಬೀಮ್ ಹರಿದಿದ್ದರೆ ಜೋಡಣೆಯ ಬೋಲ್ಟ್ ಎಣಿಸಿ. ಕಂಬದ ಬೋಲ್ಟಿಗೆ ದೊಡ್ಡ ಚೌಕ ವಾಷರ್ ಹಾಕಿದ್ದರೆ ಕಂಬ ಮಲಗುವಾಗ ಬೀಮ್ ಕಳಚದೆ ಅದರೊಂದಿಗೆ ಕೆಳಗೆ ಎಳೆದುಕೊಂಡು ಹೋಗುತ್ತದೆ. ಜೋಡಣೆಯ ಮೇಲುಪದರ ಸಂಚಾರದ ದಿಕ್ಕಿಗೆ ಎದುರಾಗಿದ್ದರೆ ಬಂಪರ್ ಅದರ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಕಂಬದ ಬುಡಕ್ಕೆ ಕಾಂಕ್ರೀಟ್ ಸುರಿದಿದ್ದರೆ ಕಂಬ ಮಣ್ಣಿನಲ್ಲಿ ತಿರುಗಿ ಶಕ್ತಿ ಹೀರುವ ಬದಲು ಬುಡದಲ್ಲೇ ಮುರಿಯುತ್ತದೆ, ಚಕ್ರ ಅದರ ಮೊಂಡಿಗೆ ಸಿಕ್ಕುತ್ತದೆ. ತುದಿಯ ಲಂಗರಿನ ಕೇಬಲ್ ಸಡಿಲವಿದ್ದರೆ ಬೀಮಿಗೆ ಬಿಗುವೇ ಬರುವುದಿಲ್ಲ, ಇಡೀ ತಡೆಗೋಡೆ ಜೋಲುತ್ತದೆ.

ಕಾರಣಗಳನ್ನು ನಾಲ್ಕು ಖಾತೆಗೆ ಹಾಕಿ: ಸಾಧನದ ವಿನ್ಯಾಸ, ಅಳವಡಿಕೆ, ನಿರ್ವಹಣೆ, ಮಿತಿ ಮೀರಿದ ಗುದ್ದು. ಪ್ರತಿ ಖಾತೆಯನ್ನೂ ಅದರ ಹೊಣೆ ಹೊತ್ತವರಿಗೆ ತಲುಪಿಸಿ: ವಿನ್ಯಾಸದ್ದು ತಯಾರಕರಿಗೆ ಮತ್ತು ಮಾನ್ಯತೆ ಕೊಡುವವರಿಗೆ, ಅಳವಡಿಕೆಯದ್ದು ಗುತ್ತಿಗೆಯ ತಪಾಸಣಾ ಪಟ್ಟಿಗೆ, ನಿರ್ವಹಣೆಯದ್ದು ದುರಸ್ತಿ ತಂಡದ ಆದ್ಯತೆಗೆ, ಮಿತಿ ಮೀರಿದ್ದು ಆ ಜಾಗಕ್ಕೆ ಯಾವ ಹಂತದ ತಡೆಗೋಡೆ ಬೇಕೆಂದು ನಿರ್ಧರಿಸುವ ಎಂಜಿನಿಯರಿಗೆ. ಒಂದೇ ದೋಷ ಮೂರು ಜಾಗದಲ್ಲಿ ಕಂಡುಬಂದರೆ ಅಂತಿಮ ವರದಿಗೆ ಕಾಯಬೇಡಿ. ದಾಸ್ತಾನಿನಲ್ಲಿ ಅದೇ ದೋಷವಿರುವ ಎಲ್ಲ ತುಂಡುಗಳನ್ನೂ ಸೋಸಿ, ಜಿಪಿಎಸ್ ಪಟ್ಟಿ ಮಾಡಿ, ಆ ವಾರವೇ ದುರಸ್ತಿಗೆ ಕಳಿಸಿ.